ಕೆಸರಿನೊಳಗಣ ಕೆಲಸಗಾರರು

ಶ್ರಾವಣ ಮಾಸದಲ್ಲಿ ಮದ್ದೂರಿನಿಂದ ಕಾಳಮುದ್ದನದೊಡ್ಡಿಯ ಮೇಲೆ ಮಳವಳ್ಳಿಗೆ ಹೋಗತಕ್ಕ ಮಹಾಶಯರು ದಾರಿಯ ಎರಡು ಪಕ್ಕಗಳಲ್ಲಿಯೂ ನೀರು ನಿಂತ ಗದ್ದೆಗಳನ್ನೂ, ಅವುಗಳಲ್ಲಿ ಮೊಣಕಾಲುದ್ದ ಇಳಿದು ಪೈರು ನೆಡುತ್ತಿರುವ ಹೆಂಗಸರನ್ನೂ ನೋಡಿಯೇ ಇರುವರು. ಗಾಳಿ ಆ ಕಡೆಯಿಂದ ಬೀಸಿದರೆ ಒಂದು ವಿಧವಾದ ಕೊಳೆತ ವಾಸನೆಯು ಮೂಗಿಗೆ ತಗಲುವುದು. ಪೇಟೆಯ ಜನರು ಒಡನೆಯೇ ಕರವಸ್ತ್ರವನ್ನು ಮೂಗಿಗೆ ಹಿಡಿಯುತ್ತಾರೆ. ರೈತನಾದರೋ ಕಾಲಿನಿಂದ ಕೆಸರನ್ನು ತುಳಿದು, ಗುಳುಗುಳು ಎಂದು ಮೇಲಕ್ಕೆ ಬರುವ ಗುಳ್ಳೆಗಳನ್ನು ನೋಡಿ, ಹೊಂಗೆಸೊಪ್ಪು ಕೊಳೆತು ಗದ್ದೆಯು ಹದಕ್ಕೆ ಬಂತೆಂದು ಸಂತೋಷಪಡುತ್ತಾನೆ. ಈ ಎರಡು ಅಭಿಪ್ರಾಯಗಳಲ್ಲಿ ರೈತನದೇ ಸರಿಯೆಂಬುದನ್ನು ಶಾಸ್ತ್ರಜ್ಞರು ಒಪ್ಪಿ ಬಹುಕಾಲವಾಯಿತು. ಆ ಕೆಸರು ಗೊಬ್ಬರವನ್ನು ಹದಮಾಡುವುದಲ್ಲದೆ, ನಾವೇ ನಮ್ಮ ಕೈಯಿಂದ ಎರಚಿದ ವಿಷದಲ್ಲಿ ಒಂದು ಪಾಲನ್ನು ಸದ್ದಿಲ್ಲದೆ ಮುರಿದುಹಾಕುತ್ತಲೂ ಬಂದಿದೆ ಎಂಬ ಸಂಗತಿಯು ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಅದನ್ನು ಇಂದು ವಾಚಕರ ಮುಂದಿಡಬೇಕೆಂದಿದ್ದೇವೆ.

ಮೊದಲು ವಿಷದ ವಿಚಾರ. ಕನ್ನಂಬಾಡಿಯ ಕಟ್ಟೆಯ ನೀರು ಮೊದಲು ಇರ್ವಿನ್ ನಾಲೆಯೆಂದೂ ತರುವಾಯ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯಲ್ಲಿ ಹರಿದು ಬಂದಾಗ ಈ ಸೀಮೆಗೆ ಬತ್ತ ಬಂತು, ಕಬ್ಬು ಬಂತು, ೧೯೩೩ರಲ್ಲಿ ಸಕ್ಕರೆ ಕಂಪನಿಯು ಸ್ಥಾಪಿತವಾಯಿತು, ೧೯೩೯ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯೂ ಆಯಿತು. ಅದೇ ನೀರಿನ ಬೆನ್ನಿಗೆ ಸೊಳ್ಳೆಯೂ ಚಳಿಜ್ವರವೂ ಬಂದುವು. ೧೯೫೩ರಲ್ಲಿ ಭಾರತ ಸರ್ಕಾರದವರು ಮಲೇರಿಯಾ ನಿಯಂತ್ರಣದ ಯೋಜನೆಯನ್ನು ದೇಶಾದ್ಯಂತ ಆರಂಭಿಸಿದ ಮೇಲೆ ಮನೆಮನೆಯ ಗೋಡೆಗಳಿಗೆ ಡಿ.ಡಿ.ಟಿ. ಹೊಡೆಯುವುದು ಸಾಮಾನ್ಯವಾಯಿತು. ೧೮೭೪ರಲ್ಲಿಯೇ ತಯಾರಾಗಿ ಯಾರಿಗೂ ಬೇಡವಾಗಿ ಬಿದ್ದಿದ್ದ ಈ ವಸ್ತುವಿನ ಕೀಟನಾಶಕ ಗುಣವನ್ನು ೧೯೩೯ರಲ್ಲಿ ಕಂಡುಹಿಡಿದ ಸ್ವಿಸ್ ದೇಶದ ಪಾಲ್ ಮುಲ್ಲರ್ ಎಂಬವರಿಗೆ ೧೯೪೮ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಅದರಿಂದ ಲಕ್ಷಾಂತರ ಜನರ ಪ್ರಾಣವು ಉಳಿದುದೂ ನಿಜ. ಅದನ್ನು ಮರೆತು ಮಾತನಾಡುವುದು ನ್ಯಾಯವಲ್ಲ.

ಅನಂತರ ೧೯೬೦ರ ದಶಕದಲ್ಲಿ ತೀವ್ರ ಬೇಸಾಯದ ಯೋಜನೆಗೆ ಇಡೀ ದೇಶದಲ್ಲಿ ಆಯ್ದ ಹದಿನೈದು ಹದಿನಾರು ಜಿಲ್ಲೆಗಳಲ್ಲಿ ನಮ್ಮ ಮಂಡ್ಯವೂ ಒಂದಾಯಿತು. ಹೊಸ ಬೀಜ, ರಾಸಾಯನಿಕ ಗೊಬ್ಬರ, ಇವುಗಳೊಡನೆ ಬಿ.ಎಚ್.ಸಿ. ಪುಡಿಯೂ ಚೀಲಚೀಲವಾಗಿ ಹಳ್ಳಿಗೆ ಇಳಿಯಿತು. ನಮ್ಮ ಬಾಲ್ಯದಲ್ಲಿ ಆ ಬೂದು ಬಣ್ಣದ ಪುಡಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಗಂಟುಕಟ್ಟಿ ಪೈರಿನ ಮೇಲೆ ಉದುರಿಸುತ್ತಿದ್ದುದನ್ನೂ, ಅದೇ ಕೈಯನ್ನು ಕಾಲುವೆಯಲ್ಲಿ ಅದ್ದಿ ಬುತ್ತಿ ಬಿಚ್ಚುತ್ತಿದ್ದುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಮನೆಯಲ್ಲಿಯೇ ಬೀಜದ ಬತ್ತದ ವಾಡೆಯ ಸುತ್ತ ಅದನ್ನು ರಂಗವಲ್ಲಿಯಂತೆ ಎಳೆಯುತ್ತಿದ್ದರು. ಯಾರೂ ಬೇಡವೆನ್ನಲಿಲ್ಲ.

ಈ ಬಿ.ಎಚ್.ಸಿ. ಎಂಬುದು ಒಂದೇ ವಸ್ತುವಲ್ಲ. ಆರು ಇಂಗಾಲದ ಕಣಗಳ ಬಳೆಗೆ ಆರು ಕ್ಲೋರೀನ್ ಕಣಗಳನ್ನು ತಗುಲಿಸಿದ ಅಣು ಅದು. ಕ್ಲೋರೀನು ಬಳೆಯ ಮೇಲಕ್ಕೆ ನಿಂತಿದೆಯೆ ಕೆಳಕ್ಕೆ ನಿಂತಿದೆಯೆ ಎಂಬುದನ್ನು ಅನುಸರಿಸಿ ಅದಕ್ಕೆ ಆಲ್ಫಾ, ಬೀಟಾ, ಗ್ಯಾಮಾ, ಡೆಲ್ಟಾ ಮೊದಲಾದ ರೂಪಭೇದಗಳುಂಟು. ಹುಳುವನ್ನು ಕೊಲ್ಲತಕ್ಕದ್ದು ಗ್ಯಾಮಾ ರೂಪವೊಂದೇ. ಅದು ಪುಡಿಯಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮಾತ್ರ. ಮಿಕ್ಕುದೆಲ್ಲವೂ, ಅಂದರೆ ಚೀಲದ ಬಹುಭಾಗವು, ಹುಳುವಿಗೆ ಬಾಧಕವಾಗದೆ ಮಣ್ಣಿಗೆ ಮಾತ್ರ ಭಾರವಾಗತಕ್ಕ ಸರಕು! ರೈತನು ಹಣ ಕೊಟ್ಟು ಕೊಂಡು ತಂದು ತನ್ನ ಹೊಲದಲ್ಲಿ ಹರಡಿದ್ದು ಇದನ್ನು. ಇವುಗಳಲ್ಲಿ ಬೀಟಾ ಎಂಬುದು ಅತ್ಯಂತ ಹಟಮಾರಿ. ಕೊಬ್ಬಿನಲ್ಲಿ ಸೇರಿಕೊಂಡು ಹಸುವಿನ ಹಾಲಿಗೂ ತಾಯಿಯ ಹಾಲಿಗೂ ಬರುತ್ತದೆ. ಡಿ.ಡಿ.ಟಿ.ಯನ್ನು ಬೇಸಾಯದಲ್ಲಿ ಬಳಸುವುದು ೧೯೮೯ರಲ್ಲಿ ನಿಷಿದ್ಧವಾಯಿತು. ಬಿ.ಎಚ್.ಸಿ.ಗೆ ೧೯೯೭ರ ಏಪ್ರಿಲ್ ೧ರಿಂದ ನಿಷೇಧ ಬಂತು. ಶುದ್ಧ ಗ್ಯಾಮಾ ರೂಪವಾದ ಲಿಂಡೇನ್ ೨೦೧೩ರವರೆಗೂ ಉಳಿದುಕೊಂಡಿತ್ತು.

ಈಗ ಪ್ರಶ್ನೆಯೇನೆಂದರೆ, ಇಷ್ಟು ವರ್ಷ ಸುರಿದ ಈ ವಿಷವು ಏನಾಯಿತು?

ಇದಕ್ಕೆ ಉತ್ತರ ಹೇಳಬೇಕಾದರೆ ಜೀವಿಗಳು ಉಸಿರಾಡುವುದೆಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಹಿಂದಿನ ಶ್ಯಾನುಭೋಗರ ದಫ್ತರವನ್ನು ಬಲ್ಲವರಿಗೆ ಇದು ಕಷ್ಟವಲ್ಲ. ಊರಿನಲ್ಲಿ ಕಂದಾಯ ವಸೂಲಾದ ಮೇಲೆ ಹಣವನ್ನು ಖಜಾನೆಗೆ ಇರಸಾಲು ಮಾಡಲೇಬೇಕಷ್ಟೆ. ಇರಸಾಲು ನಿಂತರೆ ವಸೂಲಿಯೂ ನಿಂತಂತೆಯೇ. ಜೀವಿಯು ಆಹಾರವನ್ನು ಜೀರ್ಣಿಸಿದಾಗ ಎಲೆಕ್ಟ್ರಾನುಗಳೆಂಬ ಕಣಗಳು ಕೈಗೆ ಬರುತ್ತವೆ. ಅವುಗಳನ್ನು ಯಾರಿಗಾದರೂ ಒಪ್ಪಿಸಿದರೆ ಮಾತ್ರ ಶಕ್ತಿಯು ಹುಟ್ಟುವುದು. ನಮಗೂ ನಿಮಗೂ ಆಮ್ಲಜನಕವೇ ಆ ಖಜಾನೆ. ಆ ಖಜಾನೆಯ ಬಾಗಿಲು ಮುಚ್ಚಿದರೆ ನಾವು ಕೆಲವು ನಿಮಿಷಗಳಲ್ಲಿ ಸಾಯುತ್ತೇವೆ. ಆದರೆ ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಅನೇಕವು ಹಾಗೆ ಒಂದೇ ಕಚೇರಿಯನ್ನು ನಂಬಿಕೊಂಡಿಲ್ಲ.

ಗದ್ದೆಗೆ ನೀರು ನಿಲ್ಲಿಸಿದ ಒಡನೆ ನಡೆಯುವುದನ್ನು ನೋಡಿರಿ. ಆಮ್ಲಜನಕವು ಗಾಳಿಯಲ್ಲಿ ಸಂಚರಿಸುವ ವೇಗಕ್ಕಿಂತ ನೀರಿನಲ್ಲಿ ಸುಮಾರು ಹತ್ತುಸಾವಿರ ಪಾಲು ನಿಧಾನವಾಗಿ ಇಳಿಯುತ್ತದೆ. ಮಣ್ಣಿನಲ್ಲಿದ್ದ ಸ್ವಲ್ಪವು ಒಂದೆರಡು ದಿನಗಳಲ್ಲಿಯೇ ಖರ್ಚಾಗುತ್ತದೆ. ಆಗ ಜೀವಿಗಳು ಮೊದಲು ನೈಟ್ರೇಟಿಗೆ, ಬಳಿಕ ಮ್ಯಾಂಗನೀಸಿಗೆ, ಬಳಿಕ ಕಬ್ಬಿಣಕ್ಕೆ, ಬಳಿಕ ಗಂಧಕದ ಲವಣಗಳಿಗೆ, ಏನೂ ಸಿಕ್ಕದಿದ್ದರೆ ಕಡೆಗೆ ಇಂಗಾಲಾಮ್ಲಕ್ಕೆ ತಮ್ಮ ಇರಸಾಲನ್ನು ಸಲ್ಲಿಸುತ್ತವೆ. ಮಂಡ್ಯದ ಕೆಂಪು ಮಣ್ಣು ನೀರಿನಡಿಯಲ್ಲಿ ನೀಲಿಬೂದಿಯ ಬಣ್ಣಕ್ಕೆ ತಿರುಗುವುದು ಕಬ್ಬಿಣದ ಸರದಿ ಬಂದುದರ ಗುರುತು. ಗುಳ್ಳೆಗಳೇಳುವುದು ಕಟ್ಟಕಡೆಯ ಸರದಿಯ ಗುರುತು. ಆ ಗುಳ್ಳೆಗಳಲ್ಲಿರುವುದು ಮೀಥೇನ್ ಅನಿಲ.

ಕ್ಲೋರೀನ್ ತುಂಬಿದ ವಿಷದ ಅಣುವಿಗೂ ಇದಕ್ಕೂ ಸಂಬಂಧವೇನು? ಕ್ಲೋರೀನು ಬಹು ದುರಾಸೆಯ ವಸ್ತು. ತಾನು ಅಂಟಿಕೊಂಡ ಇಂಗಾಲದಿಂದ ಎಲೆಕ್ಟ್ರಾನನ್ನು ತನ್ನ ಕಡೆಗೆ ಸೆಳೆದುಕೊಂಡಿರುತ್ತದೆ. ಹೀಗೆ ಮೊದಲೇ ಸುಲಿಗೆಯಾದ ಇಂಗಾಲದಿಂದ ಆಮ್ಲಜನಕವು ಇನ್ನೇನನ್ನು ಕಿತ್ತುಕೊಂಡೀತು? ಆದಕಾರಣ ಬಯಲ ಗಾಳಿಯಲ್ಲಿ ಇಂತಹ ವಿಷಗಳು ವರ್ಷಗಟ್ಟಲೆ ಕೆಡದೆ ಉಳಿಯುತ್ತವೆ. ಆದರೆ ಸುಲಿಗೆಯಾದವನಿಗೆ ಕೊಡಬಹುದಲ್ಲವೆ? ಗಾಳಿಯಿಲ್ಲದ ಕೆಸರಿನಲ್ಲಿ ಎಲೆಕ್ಟ್ರಾನುಗಳನ್ನು ಕೈಯಲ್ಲಿ ಹಿಡಿದುಕೊಂಡು ಗಿರಾಕಿಗಾಗಿ ಅಲೆಯುತ್ತಿರುವ ಜೀವಿಗಳಿಗೆ ಈ ಅಣುವು ಒಂದು ಹೊಸ ಖಜಾನೆಯಾಗುತ್ತದೆ. ಎಲೆಕ್ಟ್ರಾನು ಒಳಹೊಕ್ಕಿತೆಂದರೆ ಕ್ಲೋರೀನು ಬಿಟ್ಟು ಹೊರಬೀಳುವುದು. ಉಪ್ಪಿನಲ್ಲಿರುವ ಸಾಧು ರೂಪವನ್ನು ತಾಳಿ ನೀರಿನಲ್ಲಿ ಬೆರೆಯುವುದು. ಕ್ಲೋರೀನು ಹೆಚ್ಚಿದ್ದಷ್ಟೂ ಗಾಳಿಯಿಲ್ಲದ ಕಡೆ ಕೆಲಸ ಸುಲಭ. ಕಡಿಮೆಯಾದಂತೆಲ್ಲಾ ಗಾಳಿಯಿರುವ ಕಡೆ ಸುಲಭ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇದು ಕೇವಲ ತರ್ಕವಲ್ಲ. ಫಿಲಿಪ್ಪೀನ್ಸ್ ದೇಶದ ಅಂತರರಾಷ್ಟ್ರೀಯ ಬತ್ತದ ಸಂಶೋಧನಾಲಯದಲ್ಲಿ ರಘು, ಮ್ಯಾಕ್ರೇ ಎಂಬ ಇಬ್ಬರು ಶಾಸ್ತ್ರಜ್ಞರು ನೀರು ನಿಂತ ಮಣ್ಣಿಗೆ ಗ್ಯಾಮಾ ಬಿ.ಎಚ್.ಸಿ.ಯನ್ನು ಬೆರೆಸಿ ಪರೀಕ್ಷಿಸಿ ತಮ್ಮ ಫಲಿತಾಂಶವನ್ನು ೧೯೬೬ರಲ್ಲಿ ಪ್ರಕಟಿಸಿದರು. ಕಾಯಿಸಿ ಜೀವಿಗಳನ್ನು ಕೊಂದ ಮಣ್ಣಿಗಿಂತ ಸಜೀವವಾದ ಮಣ್ಣಿನಲ್ಲಿ ವಿಷವು ಬೇಗ ಮಾಯವಾಯಿತು. ಎರಡನೆಯ ಸಾರಿ ಹಾಕಿದಾಗ ಮತ್ತೂ ಬೇಗ ಮಾಯವಾಯಿತು. ಅಂದರೆ ಜೀವಿಗಳು ಪಳಗಿದ್ದುವು. ಮೂರು ವರ್ಷಗಳ ತರುವಾಯ, ಗಾಳಿಯಿಲ್ಲದೆ ಬದುಕತಕ್ಕ ಕ್ಲಾಸ್ಟ್ರಿಡಿಯಂ ಜಾತಿಯ ಒಂದು ಜೀವಿಯು ಈ ಕೆಲಸವನ್ನು ಮಾಡುವುದನ್ನು ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಕಟಕದ ಕೇಂದ್ರ ಬತ್ತ ಸಂಶೋಧನಾಲಯದ ಸೇತುನಾಥನ್ ಅವರೂ ಅವರ ಸಂಗಡಿಗರಾದ ಸಿದ್ದರಾಮಪ್ಪನವರೂ ೧೯೭೫ರಲ್ಲಿ ಭಾರತದ ನಾನಾ ಪ್ರಾಂತಗಳ ಬತ್ತದ ಮಣ್ಣುಗಳನ್ನು ತರಿಸಿ ಪರೀಕ್ಷಿಸಿದರು. ಹಟಮಾರಿಯಾದ ಬೀಟಾ ಸಹ ನೀರಿನಡಿಯ ಮಣ್ಣಿನಲ್ಲಿ ಕರಗಿತು. ಎಲ್ಲ ಮಣ್ಣಿನಲ್ಲಿಯೂ ಒಂದೇ ಸಮನಲ್ಲ: ಒಂದು ಬಗೆಯ ಹುಳಿ ಮಣ್ಣಿನಲ್ಲಿ ಕೆಲಸ ಸಾಗಲಿಲ್ಲ, ಸತ್ತ್ವ ಕಡಿಮೆಯಾದ ಮರಳು ಮಣ್ಣಿನಲ್ಲಿ ನಿಧಾನವಾಯಿತು, ಆದರೆ ಅದಕ್ಕೆ ಬತ್ತದ ಹುಲ್ಲನ್ನು ಬೆರೆಸಿದಾಗ ಚುರುಕಾಯಿತು. ನಮ್ಮ ಕಡೆಯ ಕೆಂಪು ಮರಳು ಮಿಶ್ರಿತ ಮಣ್ಣು ಸತ್ತ್ವದಲ್ಲಿ ಬಡದೆಂಬುದು ಎಲ್ಲರಿಗೂ ತಿಳಿದದ್ದೇ. ಸೊಪ್ಪು ತುಳಿಯುವ ಪದ್ಧತಿಯನ್ನು ಕಂಡುಹಿಡಿದ ಹಿರಿಯರಿಗೆ ಬಿ.ಎಚ್.ಸಿ. ಎಂಬ ಹೆಸರೇ ತಿಳಿದಿರಲಿಲ್ಲ. ಅವರು ಮಾಡಿದ ಏರ್ಪಾಡು ಮೊಮ್ಮಕ್ಕಳ ಅವಿವೇಕಕ್ಕೂ ಸ್ವಲ್ಪ ಮದ್ದಾಯಿತು.

ಮನುಷ್ಯನು ಮೊನ್ನೆ ಮೊನ್ನೆ ತಯಾರಿಸಿದ ವಿಷವನ್ನು ಮುರಿಯುವ ವಿದ್ಯೆಯು ಈ ಜೀವಿಗಳಿಗೆ ಎಲ್ಲಿಂದ ಬಂತೆಂದು ಕೇಳಬಹುದು. ಸಮುದ್ರದ ಪಾಚಿಗಳೂ, ಅಣಬೆಗಳೂ, ಕಾಳ್ಗಿಚ್ಚೂ ಕ್ಲೋರೀನು ಸೇರಿದ ವಸ್ತುಗಳನ್ನು ಸಹಸ್ರಾರು ವಿಧದಲ್ಲಿ ಅನಾದಿಕಾಲದಿಂದ ಹುಟ್ಟಿಸುತ್ತಲೇ ಇವೆ. ಆ ಹಳೆಯ ಕಸಬನ್ನೇ ಇವು ಹೊಸ ಸರಕಿನ ಮೇಲೆ ಪ್ರಯೋಗಿಸುತ್ತಿವೆ.

ಇವುಗಳಲ್ಲೆಲ್ಲಾ ವಿಚಿತ್ರವಾದದ್ದು ಡಿಹಾಲೊಕಾಕಾಯ್ಡಿಸ್ ಎಂಬ ಜೀವಿ. ಅಮೆರಿಕದ ಇಥಾಕಾ ಪಟ್ಟಣದ ಚರಂಡಿಯ ಹೂಳಿನಿಂದ ಕಾರ್ನೆಲ್ ವಿಶ್ವವಿದ್ಯಾನಿಲಯದವರು ಇದನ್ನು ಬೇರ್ಪಡಿಸಿ ೧೯೯೭ರಲ್ಲಿ ಲೋಕಕ್ಕೆ ತಿಳಿಸಿದರು. ಲೋಹವನ್ನು ತೊಳೆಯುವುದಕ್ಕೂ ಉಣ್ಣೆ ಬಟ್ಟೆಗಳನ್ನು ಒಣ ಒಗೆತ ಮಾಡುವುದಕ್ಕೂ ಉಪಯೋಗಿಸುವ ಪರ್‌ಕ್ಲೋರೊಎಥಿಲೀನ್ ಎಂಬ ದ್ರವವು ನೆಲಕ್ಕೆ ಸುರಿದರೆ ಆಳಕ್ಕಿಳಿದು ಬಾವಿಯ ನೀರನ್ನು ಕೆಡಿಸುತ್ತದೆ. ಈ ಜೀವಿಯು ಆ ದ್ರವದ ನಾಲ್ಕು ಕ್ಲೋರೀನುಗಳನ್ನೂ ಒಂದೊಂದಾಗಿ ಕಳಚಿ, ಹಣ್ಣು ಮಾಗುವಾಗ ಹೊರಡುವ ನಿರಪಾಯವಾದ ಎಥಿಲೀನ್ ಅನಿಲದವರೆಗೆ ತಂದು ನಿಲ್ಲಿಸುತ್ತದೆ. ಅದು ವಿಷವನ್ನು ತಿನ್ನುವುದಿಲ್ಲ, ಉಸಿರಾಡುತ್ತದೆ ಎಂಬುದೇ ಸರಿಯಾದ ಮಾತು. ಕ್ಲೋರೀನಿನಂತಹ ಧಾತುಗಳು ಸೇರಿದ ವಸ್ತುಗಳಲ್ಲದೆ ಬೇರೆ ಯಾವುದನ್ನೂ ಅದು ಉಸಿರಾಡಲಾರದು. ಆಮ್ಲಜನಕವು ಅದಕ್ಕೆ ಪ್ರಾಣಾಂತಕ. ಅದರ ಆಹಾರವೋ ಜಲಜನಕ. ಅದಕ್ಕೆ ಬಿ-೧೨ ಎಂಬ ಜೀವಸತ್ತ್ವವೂ ಬೇಕು, ಅದನ್ನು ತಾನೇ ತಯಾರಿಸಿಕೊಳ್ಳಲಾರದೆ ನೆರೆಹೊರೆಯ ಜೀವಿಗಳಿಂದ ಪಡೆಯುತ್ತದೆ. ಒಂಟಿಯಾಗಿ ಬಾಳುವ ಜೀವಿಯಲ್ಲ; ಕೂಡು ಕುಟುಂಬದ್ದು.

ಈ ಕುಟುಂಬಕ್ಕೆ ಜಲಜನಕವನ್ನು ಒದಗಿಸುವುದು ಹೇಗೆ? ಅಮೆರಿಕದವರು ಇದಕ್ಕಾಗಿ ಕೆಟ್ಟ ಅಂತರ್ಜಲದೊಳಕ್ಕೆ ಕೊಳವೆ ಇಳಿಸಿ ಹುಯ್ಯುವ ಪದಾರ್ಥಗಳಲ್ಲಿ ಒಂದು ಯಾವುದೆಂದರೆ ಸಕ್ಕರೆ ಕಾರ್ಖಾನೆಯ ಕಾಕಂಬಿ! ಕಾಕಂಬಿಯು ಹುಳಿಯುವಾಗ ಇದ್ದಬದ್ದ ಆಮ್ಲಜನಕವೆಲ್ಲವೂ ಖರ್ಚಾಗಿ, ಜಲಜನಕವೂ ಹುಟ್ಟಿ, ಕ್ಲೋರೀನು ಕಳಚುವವರಿಗೆ ಅನುಕೂಲವಾಗುತ್ತದೆ. ಮಂಡ್ಯದ ಕಾರ್ಖಾನೆಯು ನಡುವೆ ನಿಂತೂ ಮತ್ತೆ ನಡೆದೂ ಬಂದಿದೆ. ಮದ್ದೂರು ತಾಲ್ಲೂಕಿನಲ್ಲಿ ಬೇರೆ ಕಾರ್ಖಾನೆಗಳೂ ಇವೆ. ಕಾಕಂಬಿಗೆ ನಮ್ಮಲ್ಲಿ ಬರವಿಲ್ಲ. ಅದರಿಂದ ಸಾರಾಯಿಯಲ್ಲದೆ ಇಂತಹ ಉಪಯೋಗವೂ ಉಂಟೆಂಬುದು ನಮ್ಮ ಅಧಿಕಾರಿಗಳ ಕಿವಿಗೆ ಬಿದ್ದರೆ ಒಳ್ಳೆಯದು.

ಇಷ್ಟನ್ನು ಓದಿ, ಎಲ್ಲವನ್ನೂ ಕೆಸರೇ ನೋಡಿಕೊಳ್ಳುತ್ತದೆ, ನಾವು ಯಥೇಚ್ಛವಾಗಿ ಸುರಿಯಬಹುದೆಂದು ಯಾರಾದರೂ ತಿಳಿದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಈ ಕೆಲಸಗಾರರು ಎಷ್ಟೋ ಸಾರಿ ಅರ್ಧ ಕೆಲಸ ಮಾಡಿ ನಿಲ್ಲಿಸುತ್ತಾರೆ. ಡಿ.ಡಿ.ಟಿ.ಯು ನೀರಿನಡಿಯ ಮಣ್ಣಿನಲ್ಲಿ ಒಂದು ಕ್ಲೋರೀನನ್ನು ಕಳೆದುಕೊಂಡು ಡಿ.ಡಿ.ಡಿ. ಎಂಬುದಾಗುತ್ತದೆ, ಅದೂ ಸಾಧುವಲ್ಲ, ಬಹುಕಾಲ ನಿಲ್ಲುತ್ತದೆ. ಒಣ ಮಣ್ಣಿನಲ್ಲಿಯಾದರೆ ಡಿ.ಡಿ.ಇ. ಆಗುತ್ತದೆ, ಅದರ ಹಟ ಇನ್ನೂ ಹೆಚ್ಚು. ಒಗೆತದ ದ್ರವದ ನಾಲ್ಕು ಕ್ಲೋರೀನುಗಳಲ್ಲಿ ಮೂರು ಕಳಚಿ ಕೆಲಸ ನಿಂತರೆ ಉಳಿಯುವ ವೈನೈಲ್ ಕ್ಲೋರೈಡ್ ಎಂಬುದು ಮನುಷ್ಯರಿಗೆ ಯಕೃತ್ತಿನ ಅರ್ಬುದವನ್ನು ತರುತ್ತದೆಂಬುದು ನಿಶ್ಚಿತವಾದ ಸಂಗತಿ. ಮೊದಲಿದ್ದ ವಿಷಕ್ಕಿಂತ ಕಡೆಗೆ ಉಳಿದದ್ದೇ ಕೇಡಾಯಿತು. ಬಿ.ಎಚ್.ಸಿ. ಸಹ ಕೆಸರಿನಲ್ಲಿ ಕ್ಲೋರೊಬೆಂಜೀನ್, ಬೆಂಜೀನ್‌ಗಳವರೆಗೆ ಇಳಿದು ಸಾಮಾನ್ಯವಾಗಿ ಅಲ್ಲಿಯೇ ನಿಲ್ಲುತ್ತದೆ.

ಅಲ್ಲಿಂದ ಮುಂದಿನ ಕೆಲಸಕ್ಕೆ ಆಮ್ಲಜನಕವೇ ಬೇಕು. ಹಿಂದೆ ನೆನಪಿನಲ್ಲಿಡಿರೆಂದು ಹೇಳಿದ ಮಾತು ಇಲ್ಲಿ ಬರುತ್ತದೆ. ಗದ್ದೆಯಲ್ಲಿ ಇದಕ್ಕೂ ಒಂದು ಅನುಕೂಲವುಂಟು. ಬತ್ತದ ಪೈರಿನ ದಂಟಿನೊಳಗೆ ಗಾಳಿಯ ಓಣಿಗಳಿರುತ್ತವೆ. ಅವುಗಳ ಮೂಲಕ ಎಲೆಯಿಂದ ಬೇರಿಗೆ ಆಮ್ಲಜನಕವು ಇಳಿದು ಸ್ವಲ್ಪ ಹೊರಕ್ಕೂ ಸೋರುತ್ತದೆ. ಪೈರನ್ನು ಕಿತ್ತು ನೋಡಿದರೆ ಬೇರಿನ ಮೇಲೆ ಕಾಣುವ ತುಕ್ಕಿನ ಬಣ್ಣವು ಇದಕ್ಕೆ ಸಾಕ್ಷಿ. ಹೀಗೆ ಬೇರಿಗೆ ಅಂಟಿದ ಮಣ್ಣಿನಲ್ಲಿ ಗಾಳಿಯ ಜೀವಿಗಳೂ, ಬೆರಳಗಲದ ಆಚೆ ಗಾಳಿಯಿಲ್ಲದ ಜೀವಿಗಳೂ ಒಂದೇ ಗದ್ದೆಯಲ್ಲಿ ನೆರೆಮನೆಯವರಾಗಿವೆ. ಕಟಾವಿಗೆ ಮುಂಚೆ ನೀರು ಬಸಿದಾಗ ಇಡೀ ಗದ್ದೆಯೇ ಗಾಳಿಗೆ ತೆರೆಯುತ್ತದೆ. ಕಬ್ಬಿನ ಬೇರನ್ನೂ ಮರೆಯುವಂತಿಲ್ಲ: ಆಮ್ಲಜನಕದ ಸಹಾಯದಿಂದ ಬಿ.ಎಚ್.ಸಿ.ಯ ಹಲವು ರೂಪಗಳನ್ನು ಮುರಿಯತಕ್ಕ ಪ್ರಸಿದ್ಧವಾದ ಒಂದು ಜೀವಿಯನ್ನು, ಈಗ ಅದಕ್ಕೆ ಸ್ಫಿಂಗೋಬಿಯಂ ಇಂಡಿಕಂ ಎಂಬ ಹೆಸರಿದೆ, ಸೇತುನಾಥನ್ ಅವರ ಬಳಗದವರು ೧೯೯೦ರ ಸುಮಾರಿಗೆ ಕಟಕದಲ್ಲಿ ಪಡೆದದ್ದು ಕಬ್ಬಿನ ಬೇರಿನ ಮಣ್ಣಿನಿಂದಲೇ.

ಈ ಕೃಪೆಯು ಇಲ್ಲದ ಕಡೆಯೂ ಕನ್ನಡಿಗರಿದ್ದಾರೆ. ಕಾಸರಗೋಡಿನ ಗುಡ್ಡಗಳ ಗೇರು ತೋಟಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ವಿಮಾನದಿಂದ ಎಂಡೋಸಲ್ಫಾನನ್ನು ಸಿಂಪಡಿಸಿದರು. ಅದೂ ಆರು ಕ್ಲೋರೀನುಗಳ ವಿಷವೇ. ಗಾಳಿಯಾಡುವ ಜಂಬಿಟ್ಟಿಗೆಯ ಮಣ್ಣಿನಲ್ಲಿ ಅದು ಮುರಿಯುವುದಕ್ಕೆ ಬದಲಾಗಿ ಎಂಡೋಸಲ್ಫಾನ್ ಸಲ್ಫೇಟ್ ಎಂಬ, ಅಷ್ಟೇ ವಿಷವುಳ್ಳ ಇನ್ನೊಂದು ರೂಪಕ್ಕೆ ತಿರುಗಿ ನಿಲ್ಲುತ್ತದೆ. ಎಣ್ಮಕಜೆ ಮೊದಲಾದ ಗ್ರಾಮಗಳ ಮಕ್ಕಳ ಸ್ಥಿತಿಯನ್ನು ಕಂಡ ಮೇಲೆ ಸುಪ್ರೀಂ ಕೋರ್ಟು ೨೦೧೧ರ ಮೇ ತಿಂಗಳಲ್ಲಿ ಅದನ್ನು ದೇಶದಲ್ಲೆಲ್ಲಾ ತಡೆಯಿತು. ಕೆಸರು ತೊಳೆಯಲಿ ಎಂದು ಕಾಯುವವರು ಆ ಗುಡ್ಡಗಳನ್ನು ಒಮ್ಮೆ ನೋಡಿಬರಬೇಕು.

ಈಗ ನಮ್ಮ ಮೂರು ತಾಲ್ಲೂಕುಗಳ ವಿಚಾರ. ಮಂಡ್ಯದ ಸಮೀಪದ ಗದ್ದೆಗೆ ನೀರು ಹೇಗೋ ಬರುತ್ತದೆ. ಮಳವಳ್ಳಿಯು ನಾಲೆಯ ಬಾಲದ ಕಡೆಯದು; ಅಲ್ಲಿಗೆ ನೀರು ತಲಪಲಿಲ್ಲವೆಂಬ ಕೂಗು ವರ್ಷವೂ ಇದ್ದದ್ದೇ. ೨೦೨೩ರ ಬರದಲ್ಲಿಯಂತೂ ಬೇಸಗೆಯ ಬೆಳೆಗೆ ನೀರಿನ ಆಸೆಯನ್ನೇ ಬಿಡಬೇಕಾಯಿತು. ನೀರಿನ ಕೊರತೆಯನ್ನು ನೋಡಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ನೀರು ನಿಲ್ಲಿಸದೆ ಬೆಳೆಯತಕ್ಕ ಬತ್ತದ ತಳಿಗಳನ್ನು ತಂದಿದ್ದಾರೆ. ನೀರೂ ಉಳಿಯುತ್ತದೆ, ಮೀಥೇನೂ ಕಡಿಮೆಯಾಗುತ್ತದೆ. ನಾವು ಅದಕ್ಕೆ ವಿರೋಧಿಗಳಲ್ಲ. ಆದರೆ ತಲೆಮಾರುಗಳಿಂದ ಕೆಸರಾಗಿದ್ದ ಗದ್ದೆಯು ಹೊಲವಾದಾಗ ಅದರೊಳಗಿನ ಕ್ಲೋರೀನು ಕಳಚುವ ಕಾರ್ಖಾನೆಯೂ ನಿಲ್ಲುತ್ತದೆ ಎಂಬುದನ್ನು ಯಾರಾದರೂ ಲೆಕ್ಕಕ್ಕೆ ಹಿಡಿದಿದ್ದಾರೆಯೆ? ಹಳೆಯ ವಿಷವು ಯಾವ ಗದ್ದೆಯಲ್ಲಿ ಮುಗಿದಿದೆ, ಯಾವುದರಲ್ಲಿ ಅರ್ಧಕ್ಕೆ ನಿಂತಿದೆ ಎಂಬುದನ್ನು ತಿಳಿದು ಬದಲಾಯಿಸುವುದು ಒಂದು. ತಿಳಿಯದೆ ಬದಲಾಯಿಸುವುದು ಮತ್ತೊಂದು.

ಕೆರೆಗಳ ಹೂಳಿನ ಮಾತು ಇದಕ್ಕಿಂತ ಅವಸರದ್ದು. ಗದ್ದೆಗಳಿಂದ ಕೊಚ್ಚಿ ಬಂದ ಮಣ್ಣೆಲ್ಲವೂ ಸೇರುವುದು ಕೆರೆಯ ತಳದಲ್ಲಿ. ಅಲ್ಲಿ ಅದು ಗಾಳಿಯಿಲ್ಲದೆ ಕುಳಿತಿರುವಷ್ಟು ಕಾಲ ಕೆಲಸ ನಡೆಯುತ್ತಿರುತ್ತದೆ. ಹೂಳೆತ್ತುವ ಯೋಜನೆಗಳಲ್ಲಿ ಅದನ್ನು ಲಾರಿಗಳಲ್ಲಿ ತುಂಬಿ ಹೊಲ ತೋಟಗಳಿಗೆ ಹರಡುವುದು ಒಳ್ಳೆಯ ಪದ್ಧತಿಯೇ. ಹರಡುವುದಕ್ಕೆ ಮುಂಚೆ ಪ್ರತಿ ಕೆರೆಯಿಂದ ನಾಲ್ಕಾರು ಮಾದರಿಗಳನ್ನು ತೆಗೆದು ಡಿ.ಡಿ.ಡಿ., ಬೀಟಾ ಬಿ.ಎಚ್.ಸಿ. ಇವೆಯೆ ಎಂದು ಪರೀಕ್ಷಿಸಿದರೆ ಖರ್ಚೇನು ಮಹಾ? ಮಂಡ್ಯದ ವಿ.ಸಿ. ಫಾರಂನಲ್ಲಿ ಸಂಶೋಧನಾ ಕೇಂದ್ರವೂ ಕೃಷಿ ಕಾಲೇಜೂ ಇವೆ; ವಿದ್ಯಾರ್ಥಿಗಳಿದ್ದಾರೆ, ಅಧ್ಯಾಪಕರಿದ್ದಾರೆ. ಬೆಂಗಳೂರು ಮೈಸೂರು ರಸ್ತೆಯ ಪಕ್ಕದ ಕೈಗಾರಿಕಾ ಪ್ರದೇಶಗಳ ಸುತ್ತಣ ಬಾವಿಗಳ ನೀರನ್ನೂ ಇದೇ ಕಾಲದಲ್ಲಿ ನೋಡಬಹುದು. ಯಾರ ಮೇಲೆಯೂ ದೋಷಾರೋಪಣೆ ಮಾಡುವುದು ನಮ್ಮ ಉದ್ದೇಶವಲ್ಲ. ಕುಡಿಯುವವರು ಕೇಳುವ ಹಕ್ಕಿನಿಂದ ಕೇಳುತ್ತಿದ್ದೇವೆ.

ಮಾದರಿ ತೆಗೆಯುವವರಿಗೆ ಒಂದು ಸೂಚನೆ. ಮೇಲಿನ ಕೆಂಪು ಪದರವನ್ನು ಸರಿಸಿ, ಕೆಳಗಿನ ನೀಲಿಬೂದಿಯ ಕೆಸರನ್ನು ಗಾಜಿನ ಸೀಸೆಯ ಕಂಠದವರೆಗೂ ತುಂಬಿ, ಗಾಳಿಗೆ ಎಡೆಯಿಲ್ಲದಂತೆ ಬಿರಡೆ ಹಾಕಿ, ತಣ್ಣಗಿರುವ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಕಳುಹಿಸಬೇಕು. ಬಿಸಿಲಿನಲ್ಲಿ ತೆರೆದ ಬುಟ್ಟಿಯಲ್ಲಿ ಒಯ್ದ ಕೆಸರಿನಲ್ಲಿ ವಿಷದ ಲೆಕ್ಕವು ಕೆಡುವುದಲ್ಲದೆ, ಗಾಳಿ ತಗುಲಿ ಕೆಲಸಗಾರರು ದಾರಿಯಲ್ಲಿಯೇ ಸತ್ತಿರುತ್ತಾರೆ.